ಲೋಡು ಇಳಿಸುವಾಗ ಬಿದ್ದ ಪಾರ್ಕಿಂಗ್ ಫೈನ್: ಕಾಸರಗೋಡಿನ ವ್ಯಾಪಾರಿಗಳಿಗೆ, ಚಾಲಕರಿಗೆ ಸಮಗ್ರ ಮಾರ್ಗದರ್ಶಿ

ಲೋಡು ಇಳಿಸಲೆಂದೇ ಗುರುತು ಮಾಡಿದ ಜಾಗದಲ್ಲಿ ಪಿಕಪ್ ನಿಂತಿದೆ. ಹಿಂಬಾಗಿಲು ತೆರೆದಿದೆ, ಅಕ್ಕಿ ಗೋಣಿ ಒಂದೊಂದಾಗಿ ಅಂಗಡಿಯೊಳಗೆ ಹೋಗುತ್ತಿದೆ. ಅಷ್ಟರಲ್ಲಿ ಪಾರ್ಕಿಂಗ್ ಫೈನ್ ಬೀಳುತ್ತದೆ. ಹೆಚ್ಚಿನವರು 'ಹೋಗ್ಲಿ, ಇನ್ನೂರೈವತ್ತು ರೂಪಾಯಿ ತಾನೇ' ಎಂದು ಮೊಬೈಲಿನಲ್ಲೇ ಕಟ್ಟಿಬಿಡುತ್ತಾರೆ. ತಲೆಬಿಸಿ ಮುಗಿಯಿತು ಅನ್ನಿಸುತ್ತದೆ. ಆದರೆ ಆಕ್ಷೇಪ ಹೇಳುವ ಹಕ್ಕೂ ಅಲ್ಲಿಗೇ ಮುಗಿಯುತ್ತದೆ. ಮೋಟಾರು ವಾಹನ ಕಾಯ್ದೆಯ 200ನೇ ಸೆಕ್ಷನ್ ಪ್ರಕಾರ, ಹೀಗೆ ಫೈನ್ ಕಟ್ಟುವುದೆಂದರೆ ಪ್ರಕರಣವನ್ನು ರಾಜಿಯಲ್ಲಿ ಮುಗಿಸಿದಂತೆ. ಹಾಗಾಗಿ ಫೈನ್ ತಪ್ಪು ಎಂದು ನಿಮಗೆ ಖಾತ್ರಿ ಇದ್ದರೆ ಮೊದಲ ಕೆಲಸ, ಹಣ ಕಟ್ಟದೆ ಇರುವುದು.

ಇಷ್ಟು ಸಣ್ಣ ಮೊತ್ತಕ್ಕೆ ಯಾಕೆ ಇಷ್ಟೆಲ್ಲ ಓಡಾಟ ಅಂತ ಕೇಳಬಹುದು. ವರ್ಷಕ್ಕೊಮ್ಮೆ ಬರುವ ವಾಹನವಾದರೆ ಆ ಪ್ರಶ್ನೆ ಸರಿ. ದಿನಾ ಅದೇ ಅಂಗಡಿಗೆ, ಅದೇ ಜಾಗದಲ್ಲಿ ಲೋಡು ಇಳಿಸುವವರಿಗೆ ಹಾಗಲ್ಲ. 2019ರ ಸೆಪ್ಟೆಂಬರಿನಿಂದ ಜಾರಿಯಾದ ತಿದ್ದುಪಡಿಯಲ್ಲಿ, ಪಾರ್ಕಿಂಗಿನಂಥ ತಪ್ಪಿಗೆ ಅನ್ವಯಿಸುವ 177ನೇ ಸೆಕ್ಷನಿನ ದಂಡ ಮೊದಲ ಸಲಕ್ಕೆ 500 ರೂಪಾಯಿವರೆಗೆ, ಮತ್ತೆ ಅದೇ ತಪ್ಪಾದರೆ 1,500 ರೂಪಾಯಿವರೆಗೆ ಏರಿತು. ಇವತ್ತು ಸುಮ್ನೆ ಒಪ್ಪಿಕೊಂಡರೆ ನಾಳೆ ಅದೇ ಜಾಗದಲ್ಲಿ ಇನ್ನೊಂದು ಬಿದ್ದಾಗ 'ಇದು ಲೋಡು ಇಳಿಸುವ ಜಾಗ' ಎಂಬ ನಿಮ್ಮ ಮಾತಿಗೆ ಬಲ ಕಡಿಮೆ.

ಮೊದಲು, ಚಲನ್ ಅಸಲಿಯೇ ನೋಡಿ

ವಾಟ್ಸಾಪಿನಲ್ಲಿ ಇ-ಚಲನ್ ಹೆಸರಿನಲ್ಲಿ ಎಪಿಕೆ ಫೈಲ್ (ಮೊಬೈಲಿಗೆ ಆಪ್ ಹಾಕುವ ಫೈಲ್) ಬಂದರೆ ಮುಟ್ಟಲೇಬೇಡಿ. ಅದು ಮೊಬೈಲಿನೊಳಗೆ ನುಗ್ಗಿ ಬ್ಯಾಂಕ್ ಖಾತೆ ಖಾಲಿ ಮಾಡುವ ಮೋಸ. ಅಸಲಿ ಚಲನ್ ಆಪ್ ರೂಪದಲ್ಲಿ ಬರುವುದಿಲ್ಲ. ಮೆಸೇಜಿನ ಲಿಂಕ್ ಒತ್ತದೆ, ಸರಕಾರದ ಸಾರಿಗೆ ಜಾಲತಾಣ ಪರಿವಾಹನ್‌ನ ಇ-ಚಲನ್ ತಾಣವನ್ನು ನೀವೇ ತೆರೆದು ಚಲನ್ ಸಂಖ್ಯೆ ಅಥವಾ ವಾಹನದ ಸಂಖ್ಯೆ ಹಾಕಿ ನೋಡಿ. ಸರಕಾರಿ ತಾಣದ ವಿಳಾಸ 'ಗವ್ ಡಾಟ್ ಇನ್' (gov.in) ಎಂದೇ ಮುಗಿಯಬೇಕು. ಹಣ ಹೋಗಿಬಿಟ್ಟಿದ್ದರೆ ತಡ ಮಾಡದೆ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಚಲನ್ ಸಿಕ್ಕಿತಾ? ಈಗ ಅದನ್ನು ಪೂರ್ತಿ ಓದಿ. ಮೊತ್ತ ನೋಡಿ ಮುಚ್ಚಿಡುವುದಲ್ಲ. ಯಾವ ಇಲಾಖೆ ಹಾಕಿದ್ದು, ಯಾವ ಸೆಕ್ಷನ್, ಯಾವ ದಿನ, ಎಷ್ಟು ಗಂಟೆ, ಯಾವ ಜಾಗ, ಫೋಟೋದಲ್ಲಿ ಏನು ಕಾಣುತ್ತದೆ ಎಂದು ಒಂದೊಂದಾಗಿ ನೋಡಿ. ಪಾರ್ಕಿಂಗಿಗೆ ಸಾಮಾನ್ಯವಾಗಿ 122ನೇ ಸೆಕ್ಷನ್ ಹಾಕುತ್ತಾರೆ. ಸಾರ್ವಜನಿಕ ಜಾಗದಲ್ಲಿ ಬೇರೆಯವರಿಗೆ ಅಪಾಯ, ಅಡ್ಡಿ ಅಥವಾ ವಿನಾಕಾರಣ ತೊಂದರೆ ಆಗುವ ಹಾಗೆ ವಾಹನ ನಿಲ್ಲಿಸಬಾರದು ಎಂದು ಅದು ಹೇಳುತ್ತದೆ. 'ಅಡ್ಡಿ' ಎಂಬ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಕಾಸರಗೋಡಿನಲ್ಲಿ ಪಾರ್ಕಿಂಗ್ ಫೈನ್ ಎರಡು ಕಡೆಯಿಂದ ಬರುತ್ತದೆ. ಒಂದು ಪೊಲೀಸ್, ಇನ್ನೊಂದು ಮೋಟಾರು ವಾಹನ ಇಲಾಖೆ. 2023ರ ಜೂನ್ 5ರಿಂದ ಕೇರಳದಾದ್ಯಂತ ದಂಡ ಹಾಕಲು ಶುರು ಮಾಡಿದ ಎಐ ಕ್ಯಾಮೆರಾಗಳು ಮೋಟಾರು ವಾಹನ ಇಲಾಖೆಯವು. ಅವುಗಳ ಜೊತೆ ಪಾರ್ಕಿಂಗ್ ತಪ್ಪು ಹಿಡಿಯಲೆಂದೇ ಇಟ್ಟ ಕ್ಯಾಮೆರಾಗಳೂ ಇವೆ. ಪೊಲೀಸರು ಹಾಕಿದ ಚಲನಿಗೆ ಆರ್‌ಟಿಒ ಕಚೇರಿಯಲ್ಲಿ ಅರ್ಜಿ ಕೊಟ್ಟರೆ 'ಇಲ್ಲಿ ಅಲ್ಲ' ಎಂದು ವಾಪಸ್ ಕಳಿಸುತ್ತಾರೆ. ಆ ಓಡಾಟದಲ್ಲೇ ಗಡುವು ಕಳೆಯುತ್ತದೆ. ಕೆಎಲ್ 14 ಆಗಲಿ, ಮಂಗಳೂರಿನ ಕೆಎ 19 ಆಗಲಿ, ವಾಹನ ಎಲ್ಲಿಯದು ಎನ್ನುವುದು ಇಲ್ಲಿ ಮುಖ್ಯವಲ್ಲ. ಫೈನ್ ಹಾಕಿದ್ದು ಯಾರು ಎನ್ನುವುದೇ ಮುಖ್ಯ.

ಜಾಗಕ್ಕೆ ಹೋಗಿ ಬೋರ್ಡು ನೋಡಿ

ಅದೇ ದಿನ ಹೋಗಿ. ಇವತ್ತು ಕಾಣದ ಬೋರ್ಡು ನಾಡಿದ್ದು ಕಾಣಬಹುದು, ಇವತ್ತು ಅಳಿಸಿದ ಗೆರೆಗೆ ನಾಳೆ ಬಣ್ಣ ಬರಬಹುದು. ಮಳೆಗಾಲ ಕಳೆದ ಮೇಲೆ ನಮ್ಮ ರಸ್ತೆಗಳ ಬಿಳಿ ಗೆರೆ ಎಷ್ಟು ಉಳಿದಿರುತ್ತದೆ ಅಂತ ಗೊತ್ತೇ ಇದೆಯಲ್ವಾ? ಹೆದ್ದಾರಿ 66ರ ಅಗಲೀಕರಣದಿಂದ ಸರ್ವಿಸ್ ರಸ್ತೆಗಳ ಸ್ವರೂಪವೂ ಬದಲಾಗಿದೆ. ಹಿಂದೆ ಲೋಡು ಇಳಿಸುತ್ತಿದ್ದ ಜಾಗ ಈಗ ಬೇರೆಯದೇ ಆಗಿರಬಹುದು. ಅಂಥ ಕಡೆ 'ಮೊದಲಿನಿಂದಲೂ ಇಲ್ಲೇ ಇಳಿಸುವುದು' ಎಂಬ ಮಾತು ಸಾಕ್ಷಿಯಾಗದು. ಇವತ್ತಿನ ಬೋರ್ಡು ಏನು ಹೇಳುತ್ತದೆ ಎಂಬುದೇ ಲೆಕ್ಕ.

ಬೋರ್ಡಿನಲ್ಲಿ ಎರಡು ತರ ಇದೆ, ಇದನ್ನು ಹೆಚ್ಚಿನ ಚಾಲಕರು ಗಮನಿಸುವುದಿಲ್ಲ. ನೀಲಿ ವೃತ್ತ, ಕೆಂಪು ಅಂಚು, ಒಂದೇ ಒಂದು ಓರೆ ಕೆಂಪು ಗೆರೆ ಇದ್ದರೆ ಅದು ಪಾರ್ಕಿಂಗ್ ನಿಷೇಧ. ಎರಡು ಗೆರೆ ಗುಣಿಸು ಚಿಹ್ನೆಯ ಹಾಗೆ ದಾಟಿದ್ದರೆ ಅಲ್ಲಿ ನಿಲ್ಲಿಸುವುದೇ ನಿಷೇಧ. ಮೊದಲನೆಯದರ ಕೆಳಗೆ 'ಲೋಡು ಇಳಿಸಲು ಸ್ವಲ್ಪ ಹೊತ್ತು ನಿಂತದ್ದು' ಎಂಬ ವಾದಕ್ಕೆ ಒಂದಿಷ್ಟು ಎಡೆ ಇದೆ. ಎರಡನೆಯದರ ಕೆಳಗೆ ಇಲ್ಲವೇ ಇಲ್ಲ. ಬೋರ್ಡಿನ ಅಡಿಯಲ್ಲಿ ಸಮಯ ಬರೆದಿದೆಯೇ, ಸರಕು ವಾಹನಕ್ಕೆ ಮಾತ್ರ ಎಂದಿದೆಯೇ, ಯಾವ ಕಡೆಗೆ ಬಾಣದ ಗುರುತು ಇದೆ ಎಂದೂ ನೋಡಿ.

ಫೋಟೋ ತೆಗೆಯುವಾಗ ಮೂರು ದೂರದಿಂದ ತೆಗೆಯಿರಿ. ಬೋರ್ಡಿನ ಅಕ್ಷರ ಓದುವಷ್ಟು ಹತ್ತಿರದಿಂದ ಒಂದು. ಬೋರ್ಡು ಮತ್ತು ವಾಹನ ನಿಂತ ಜಾಗ ಒಟ್ಟಿಗೆ ಕಾಣುವಂತೆ ಒಂದು. ಚಾಲಕ ಬರುವ ದಿಕ್ಕಿನಿಂದ, ಅವನ ಕಣ್ಣಿನ ಎತ್ತರದಿಂದ ಒಂದು. ಈ ಮೂರನೆಯದು ತುಂಬಾ ಕೆಲಸಕ್ಕೆ ಬರುತ್ತದೆ. ಫ್ಲೆಕ್ಸಿನ ಹಿಂದೆಯೋ ಮರದ ಕೊಂಬೆಯ ಹಿಂದೆಯೋ ಬೋರ್ಡು ಅಡಗಿದ್ದರೆ ಅದು ಗೊತ್ತಾಗುವುದು ಅಲ್ಲಿಂದಲೇ. ಫೋಟೋದಲ್ಲಿ ದಿನಾಂಕ, ಸಮಯ, ಸ್ಥಳ ದಾಖಲಾಗುವ ಹಾಗೆ ಕ್ಯಾಮೆರಾದ ಸೆಟ್ಟಿಂಗ್ ಇಟ್ಟುಕೊಳ್ಳಿ. ಫೋಟೋವನ್ನು ವಾಟ್ಸಾಪಿನಲ್ಲಿ ಮಾತ್ರ ಕಳಿಸಿ ಮೂಲವನ್ನು ಅಳಿಸಬೇಡಿ. ವಾಟ್ಸಾಪ್ ಆ ದಾಖಲೆಯನ್ನು ಕಿತ್ತುಹಾಕುತ್ತದೆ.

ಲೋಡು ಇಳಿಯುತ್ತಿತ್ತು ಎಂಬುದಕ್ಕೆ ಸಾಕ್ಷಿ

ಇಡೀ ಪ್ರಕರಣ ನಿಲ್ಲುವುದು ಇಲ್ಲಿ. 'ಐದೇ ನಿಮಿಷ ನಿಂತದ್ದು ಸಾರ್' ಎಂದು ಎಲ್ಲರೂ ಹೇಳುತ್ತಾರೆ, ಯಾರೂ ನಂಬುವುದಿಲ್ಲ. ಆ ಹೊತ್ತಿಗೆ, ಆ ವಾಹನದಿಂದ, ಆ ಅಂಗಡಿಗೆ ಸರಕು ಇಳಿಯುತ್ತಿತ್ತು ಎಂದು ಕಾಗದ ಹೇಳಬೇಕು. ಒಳ್ಳೆಯ ವಿಷಯ ಏನೆಂದರೆ, ಸರಕು ಸಾಗಣೆಯಲ್ಲಿ ಈಗ ಹೆಜ್ಜೆ ಹೆಜ್ಜೆಗೂ ಸಮಯ ದಾಖಲಾಗುತ್ತದೆ. ನೀವು ಕೂಡಿಸಿದರೆ ಸಾಕು.

ಮಂಗಳೂರಿನಿಂದ ಹೊರಟ ಲೋಡು ಅಂತ ಇಟ್ಟುಕೊಳ್ಳೋಣ. ಸರಕಿನ ಬೆಲೆ 50,000 ರೂಪಾಯಿ ದಾಟಿದ್ದರೆ ಇ-ವೇ ಬಿಲ್ (ಸರಕು ಸಾಗಿಸಲು ಆನ್‌ಲೈನಿನಲ್ಲಿ ಮಾಡುವ ಜಿಎಸ್‌ಟಿ ದಾಖಲೆ) ಇರುತ್ತದೆ. ಅದರಲ್ಲಿ ವಾಹನದ ಸಂಖ್ಯೆ, ಸರಕು ಮುಟ್ಟಬೇಕಾದ ಜಾಗ, ದಿನಾಂಕ ಎಲ್ಲ ಇದೆ. ಬೆಲೆ ಕಡಿಮೆಯಾದರೆ ಜಿಎಸ್‌ಟಿ ಬಿಲ್ಲೋ ಡೆಲಿವರಿ ಚೀಟಿಯೋ ಸಾಕು. ತಲಪಾಡಿ ಟೋಲಿನಲ್ಲಿ ಫಾಸ್ಟ್ಯಾಗ್ ಕಡಿತವಾದ ಮೆಸೇಜಿನಲ್ಲಿ ಗಂಟೆ, ನಿಮಿಷ ಇರುತ್ತದೆ. ಪಿಕಪ್ ಗಡಿ ದಾಟಿದ ಹೊತ್ತು ಅದರಿಂದ ಗೊತ್ತಾಗುತ್ತದೆ. ಮಂಜೇಶ್ವರ, ಉಪ್ಪಳ, ಕುಂಬಳೆ ದಾಟಿ ಪೇಟೆಗೆ ಬರಲು ಬೇಕಾದ ಹೊತ್ತು ಸೇರಿಸಿದರೆ, ಚಲನಿನಲ್ಲಿ ಬರೆದ ಸಮಯಕ್ಕೆ ವಾಹನ ಆಗಷ್ಟೇ ಬಂದು ನಿಂತಿತ್ತು ಎಂದು ತೋರಿಸಬಹುದು.

ಇನ್ನು ಇಳಿಸಿದವರು. ಕೇರಳದಲ್ಲಿ ಈ ಕೆಲಸಕ್ಕೆ ಸ್ವಂತ ಕಾಯ್ದೆಯೇ ಇದೆ, 1978ರ ತಲೆಹೊರೆ ಕಾರ್ಮಿಕರ ಕಾಯ್ದೆ. ಪೇಟೆಯಲ್ಲಿ ಲೋಡು ಇಳಿಸುವವರು ಹೆಚ್ಚಾಗಿ ನೋಂದಾಯಿತ ಚುಮಟ್ಟು (ತಲೆಹೊರೆ) ಕಾರ್ಮಿಕರು. ಅವರ ಕೂಲಿಗೆ ರಶೀದಿ ಕೇಳಿ ಪಡೆಯಿರಿ. ದಿನಾಂಕ, ಗೋಣಿ ಎಷ್ಟು, ಯಾವ ಅಂಗಡಿ ಎಂದು ಬರೆದ ಒಂದು ಚೀಟಿ ಹತ್ತು ಮಾತಿಗಿಂತ ಜಾಸ್ತಿ ತೂಗುತ್ತದೆ. ಕಾರ್ಮಿಕರು ಬರುವವರೆಗೆ ವಾಹನ ಕಾಯಬೇಕಾಯಿತು ಎಂದಾದರೆ ಅದನ್ನೂ ಇದ್ದ ಹಾಗೇ ಬರೆಯಿರಿ. ಕಾದ ಹೊತ್ತನ್ನು ಮುಚ್ಚಿಟ್ಟು ಆಮೇಲೆ ಕ್ಯಾಮೆರಾದ ಚಿತ್ರದಲ್ಲಿ ಅದು ಹೊರಬಿದ್ದರೆ ನಿಮ್ಮ ಉಳಿದ ಮಾತನ್ನೂ ಯಾರೂ ನಂಬುವುದಿಲ್ಲ.

ಅಂಗಡಿಯ ಸಿಸಿಟಿವಿಯನ್ನು ಅದೇ ಸಂಜೆ ಪೆನ್‌ಡ್ರೈವಿಗೆ ಇಳಿಸಿಕೊಳ್ಳಿ. ಹಳೆಯ ದೃಶ್ಯದ ಮೇಲೆ ಹೊಸದು ಬರೆಯುತ್ತಾ ಹೋಗುವುದು ಆ ಯಂತ್ರದ ಸ್ವಭಾವ. ಎದುರಿನ ಅಂಗಡಿಯ ಕ್ಯಾಮೆರಾ ನಿಮ್ಮದಕ್ಕಿಂತ ಚೆನ್ನಾಗಿ ತೋರಿಸಬಹುದು. ಹೋಗಿ ಕೇಳಿ, ನಮ್ಮೂರಿನಲ್ಲಿ ಇಲ್ಲ ಅನ್ನುವವರು ಕಡಿಮೆ. ಆ ಕ್ಯಾಮೆರಾದ ಗಡಿಯಾರ ಸರಿ ಇದೆಯೇ ಎಂದೂ ನೋಡಿ. ಹತ್ತು ನಿಮಿಷ ಹಿಂದೆ ಮುಂದೆ ಇದ್ದರೆ ಅದನ್ನು ಅರ್ಜಿಯಲ್ಲಿ ಹೇಳಿಬಿಡಿ. ಕೊನೆಗೆ ಚಾಲಕ ಮತ್ತು ಅಂಗಡಿಯವರು ಕಂಡದ್ದನ್ನು ಒಂದೊಂದು ಹಾಳೆಯಲ್ಲಿ ಬರೆದು ಸಹಿ ಹಾಕಲಿ. ನೆನಪು ಹಸಿ ಇರುವಾಗಲೇ ಬರೆಯಬೇಕು.

ಯಾವ ವಾದ ನಿಲ್ಲುತ್ತದೆ, ಯಾವುದು ನಿಲ್ಲುವುದಿಲ್ಲ

ಗಟ್ಟಿ ವಾದ ಎಂದರೆ ಇವು. ಅದು ಅಧಿಕೃತವಾಗಿ ಗುರುತಿಸಿದ ಲೋಡಿಂಗ್ ಜಾಗ, ಅನುಮತಿ ಇದ್ದ ಹೊತ್ತಿನಲ್ಲೇ ಕೆಲಸ ನಡೆದಿತ್ತು. ನಿಷೇಧದ ಬೋರ್ಡು ಇರಲಿಲ್ಲ, ಅಥವಾ ಕಾಣುವಂತಿರಲಿಲ್ಲ. ಚಲನಿನ ಸಂಖ್ಯೆ ನಿಮ್ಮ ವಾಹನದ್ದಲ್ಲ. ಒಂದೇ ನಿಲುಗಡೆಗೆ ಪೊಲೀಸರೂ ಮೋಟಾರು ವಾಹನ ಇಲಾಖೆಯೂ ಬೇರೆ ಬೇರೆ ಫೈನ್ ಹಾಕಿದ್ದಾರೆ. ಫೋಟೋದಲ್ಲಿ ವಾಹನ ಗೆರೆಯೊಳಗೇ ಇದೆ, ರಸ್ತೆಗೆ ಅಡ್ಡಿ ಎಲ್ಲೂ ಕಾಣುವುದಿಲ್ಲ. ಆಗಲೇ ಹೇಳಿದ 'ಅಡ್ಡಿ' ಕೆಲಸಕ್ಕೆ ಬರುವುದು ಇಲ್ಲಿ.

ಕ್ಯಾಮೆರಾ ಚಲನಾದರೆ ಇನ್ನೊಂದು ಬಾಗಿಲು ಇದೆ. ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2021ರ ಆಗಸ್ಟಿನಲ್ಲಿ 167ಎ ಎಂಬ ನಿಯಮ ಸೇರಿತು. ಅದರ ಪ್ರಕಾರ ಕ್ಯಾಮೆರಾ ಸಾಧನಕ್ಕೆ ರಾಜ್ಯದ ಅಧಿಕಾರಿಯ ಒಪ್ಪಿಗೆ ಪತ್ರ ಬೇಕು. ಕ್ಯಾಮೆರಾ ಇದೆ ಎಂದು ಜನರಿಗೆ ತಿಳಿಸುವ ಫಲಕ ಬೇಕು. ತಪ್ಪನ್ನೂ ನಂಬರ್ ಪ್ಲೇಟನ್ನೂ ಸ್ಪಷ್ಟವಾಗಿ ತೋರಿಸುವ ಫೋಟೋ, ದಿನಾಂಕ, ಸಮಯ, ಜಾಗ, ಮೀರಿದ ಸೆಕ್ಷನ್, ಎಲೆಕ್ಟ್ರಾನಿಕ್ ಸಾಕ್ಷ್ಯದ ಪ್ರಮಾಣಪತ್ರ ಇರಬೇಕು. ಆ ನಿಯಮ ಬಂದಾಗ ನೋಟಿಸ್ 15 ದಿನದೊಳಗೆ ಕಳಿಸಬೇಕು ಎಂದಿತ್ತು. ಇವನ್ನು ಎದುರಿಗಿಟ್ಟು ನಿಮ್ಮ ಚಲನ್ ನೋಡಿ. ಏನಾದರೂ ಇಲ್ಲದಿದ್ದರೆ ಅದನ್ನು ಹೆಸರಿಸಿ ಬರೆಯಿರಿ. ಆದರೆ ಇದೊಂದನ್ನೇ ನೆಚ್ಚಿ ಹೊರಡಬೇಡಿ. ಲೋಡು ಇಳಿಸುತ್ತಿದ್ದ ಸಾಕ್ಷಿ ಮುಂದೆ ಇರಲಿ, ನಿಯಮದ ಕೊರತೆ ಅದರ ಹಿಂದೆ ಬರಲಿ.

'ಎಲ್ಲರೂ ಅಲ್ಲೇ ನಿಲ್ಲಿಸುತ್ತಾರೆ', 'ಬೇರೆ ಜಾಗವೇ ಇಲ್ಲ', 'ಇಂಡಿಕೇಟರ್ ಹಾಕಿದ್ದೆ' ಎಂಬ ಮಾತುಗಳು ನಿಲ್ಲುವುದಿಲ್ಲ. ಲೋಡು ಇಳಿದ ಮೇಲೆ ಚಾಲಕ ಚಾ ಕುಡಿಯಲು ಹೋದ ಹೊತ್ತಿನ ಫೋಟೋ ಆದರೆ ಕಟ್ಟಿಬಿಡುವುದೇ ಒಳ್ಳೆಯದು. ಲೋಡಿಂಗ್ ಜಾಗ ಇರುವುದು ಲೋಡಿಗೆ. ಖಾಲಿ ವಾಹನ ಅಲ್ಲಿ ನಿಂತರೆ ಹಿಂದಿನ ಪಿಕಪ್ಪಿಗೆ ಜಾಗ ಇಲ್ಲದಾಗುತ್ತದೆ. ಫುಟ್‌ಪಾತ್ ಮೇಲೆ, ಬಸ್ ನಿಲ್ದಾಣದ ಹತ್ತಿರ, ಆಸ್ಪತ್ರೆ ಅಥವಾ ಶಾಲೆಯ ಬಾಗಿಲಲ್ಲಿ ನಿಂತಿದ್ದರೂ ಲೋಡಿನ ನೆಪ ಕೆಲಸಕ್ಕೆ ಬಾರದು.

ಜಾಗ ಅಧಿಕೃತವೇ? ನಗರಸಭೆಯಲ್ಲಿ ಕೇಳಿ

ಕೇರಳದ ಪೇಟೆಗಳಲ್ಲಿ ಪಾರ್ಕಿಂಗ್ ಎಲ್ಲಿ, ಲೋಡು ಇಳಿಸುವುದು ಎಲ್ಲಿ, ಎಷ್ಟು ಹೊತ್ತಿಗೆ ಎಂದು ಚರ್ಚಿಸುವುದು ಸ್ಥಳೀಯ ಸಂಸ್ಥೆಯ ಟ್ರಾಫಿಕ್ ರೆಗ್ಯುಲೇಟರಿ ಕಮಿಟಿ. ಮೋಟಾರು ವಾಹನ ಕಾಯ್ದೆಯ 117ನೇ ಸೆಕ್ಷನ್ ಕೂಡ ವಾಹನ ನಿಲ್ಲಿಸುವ ಜಾಗಗಳನ್ನು ಸ್ಥಳೀಯ ಸಂಸ್ಥೆಯ ಜೊತೆ ಸಮಾಲೋಚಿಸಿ ಗೊತ್ತುಮಾಡಬೇಕು ಎನ್ನುತ್ತದೆ. ನಿಮ್ಮ ರಸ್ತೆಯ ಬಗ್ಗೆ ಆದ ನಿರ್ಣಯದ ಪ್ರತಿ ಸಿಕ್ಕಿದರೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇರೆ ಬೇಕಿಲ್ಲ. ಮೊದಲು ಕಚೇರಿಗೆ ಹೋಗಿ ಬಾಯಿಮಾತಿನಲ್ಲಿ ಕೇಳಿ. ಸಿಗದಿದ್ದರೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಹಾಕಿ. ಉತ್ತರಕ್ಕೆ 30 ದಿನದವರೆಗೆ ಹಿಡಿಯಬಹುದು. ಆದ್ದರಿಂದ ಆಕ್ಷೇಪಣೆ ಮೊದಲು ಕೊಡಿ, ನಿರ್ಣಯದ ಪ್ರತಿ ಆಮೇಲೆ ಸೇರಿಸುತ್ತೇನೆ ಎಂದು ಅದರಲ್ಲೇ ಬರೆಯಿರಿ.

ಅರ್ಜಿ ಬರೆಯುವುದು, ಅದೂ ಕನ್ನಡದಲ್ಲಿ

ಮಲಯಾಳ ಬರೆಯಲು ಬಾರದು ಎಂದು ಹಿಂಜರಿಯಬೇಡಿ. ಕಾಸರಗೋಡು, ಮಂಜೇಶ್ವರ ಭಾಗದ ಕನ್ನಡಿಗರು ಇಲ್ಲಿನ ಸರಕಾರಿ ಕಚೇರಿಗಳಿಗೆ ಕನ್ನಡದಲ್ಲೇ ಬರೆಯಬಹುದು, ಕನ್ನಡದಲ್ಲೇ ಉತ್ತರ ಕೇಳಬಹುದು. ಭಾಷಾ ಅಲ್ಪಸಂಖ್ಯಾತರಿಗೆ ಈ ಹಕ್ಕು 1969ರ ಕೇರಳದ ಅಧಿಕೃತ ಭಾಷಾ ಕಾಯ್ದೆಯಲ್ಲೇ ಬಂದಿತು. ಬಳಸದೆ ಬಿಟ್ಟರೆ ಹಕ್ಕು ಕಾಗದದಲ್ಲೇ ಉಳಿಯುತ್ತದೆ. ಕೆಲಸ ಬೇಗ ಆಗಬೇಕಾದರೆ ಕನ್ನಡದ ಜೊತೆ ಇಂಗ್ಲಿಷಿನಲ್ಲೋ ಮಲಯಾಳದಲ್ಲೋ ಒಂದು ಪ್ರತಿ ಲಗತ್ತಿಸುವುದು ನನ್ನ ಸಲಹೆ. ಸಹಿ ಮಾತ್ರ ಕನ್ನಡ ಅರ್ಜಿಯ ಮೇಲೆ ಇರಲಿ.

ಉದ್ದ ಬೇಡ, ಒಂದು ಪುಟ ಸಾಕು. ಹೀಗೆ ಬರೆಯಬಹುದು:

ಮಾನ್ಯರೇ,
ವಿಷಯ: ಚಲನ್ ಸಂಖ್ಯೆ ........ ರದ್ದುಪಡಿಸುವ ಬಗ್ಗೆ.
ನಾನು ........ ಸಂಖ್ಯೆಯ ಸರಕು ವಾಹನದ ಮಾಲಕ. ದಿನಾಂಕ ........ ರಂದು ........ ಗಂಟೆಗೆ ........ ರಸ್ತೆಯಲ್ಲಿ ನನ್ನ ವಾಹನಕ್ಕೆ ಪಾರ್ಕಿಂಗ್ ಫೈನ್ ಹಾಕಲಾಗಿದೆ. ಆ ಹೊತ್ತಿನಲ್ಲಿ ವಾಹನವು ಸರಕು ಇಳಿಸಲು ಗುರುತಿಸಿದ ಜಾಗದಲ್ಲಿ ನಿಂತಿತ್ತು. ........ ಅಂಗಡಿಗೆ ........ ಗೋಣಿ ಇಳಿಸಲಾಗುತ್ತಿತ್ತು. ಚಾಲಕ ವಾಹನದ ಹತ್ತಿರವೇ ಇದ್ದ. ಬೇರೆ ವಾಹನಗಳಿಗೆ ಅಡ್ಡಿಯಾಗಿಲ್ಲ. ಸರಕಿನ ಬಿಲ್, ಕೂಲಿ ರಶೀದಿ, ಜಾಗದ ಫೋಟೋ, ಸಿಸಿಟಿವಿ ದೃಶ್ಯ ಲಗತ್ತಿಸಿದ್ದೇನೆ. ಚಲನಿಗೆ ಆಧಾರವಾದ ಎಲ್ಲ ಫೋಟೋಗಳನ್ನು ನನಗೆ ಒದಗಿಸಬೇಕು, ಇವನ್ನು ಪರಿಶೀಲಿಸಿ ಚಲನ್ ರದ್ದುಪಡಿಸಬೇಕು ಎಂದು ಕೋರುತ್ತೇನೆ. ಉತ್ತರವನ್ನು ಕನ್ನಡದಲ್ಲಿ ಕೊಡಬೇಕಾಗಿ ವಿನಂತಿ.

ಫೈನ್ ಹಾಕಿದ ಅಧಿಕಾರಿಯ ಮೇಲೆ ಸಿಟ್ಟು ತೋರಿಸುವ ಒಂದು ವಾಕ್ಯವೂ ಬೇಡ. ಓದುವವರು ಅವರ ಸಹೋದ್ಯೋಗಿಯೇ ಆಗಿರುತ್ತಾರೆ.

ಎಲ್ಲಿ ಕೊಡುವುದು

ಪೊಲೀಸ್ ಚಲನಾದರೆ ಅದರಲ್ಲಿ ಬರೆದ ಠಾಣೆ ಅಥವಾ ಟ್ರಾಫಿಕ್ ಘಟಕಕ್ಕೆ, ಅಲ್ಲಿ ಉತ್ತರ ಬರದಿದ್ದರೆ ಜಿಲ್ಲಾ ಪೊಲೀಸ್ ಮುಖ್ಯಸ್ಥರ ಕಚೇರಿಗೆ. ಕ್ಯಾಮೆರಾ ಚಲನಾದರೆ ಮೋಟಾರು ವಾಹನ ಇಲಾಖೆಯ ಎನ್‌ಫೋರ್ಸ್‌ಮೆಂಟ್ ಆರ್‌ಟಿಒಗೆ. ಎಐ ಕ್ಯಾಮೆರಾ ಬಂದಾಗ ನೋಟಿಸ್ ಸಿಕ್ಕ 14 ದಿನದೊಳಗೆ ಆಕ್ಷೇಪಿಸಬೇಕು ಎಂದು ಹೇಳಿದ್ದರು. ಯಾವ ಚಲನೇ ಆಗಲಿ, ಆ 14 ದಿನವನ್ನೇ ನಿಮ್ಮ ಗಡುವು ಎಂದುಕೊಳ್ಳಿ. ಚಲನಿನಲ್ಲಿ ಅದಕ್ಕಿಂತ ಕಡಿಮೆ ಬರೆದಿದ್ದರೆ ಅದನ್ನು ಪಾಲಿಸಿ.

ಕೈಯಲ್ಲಿ ಕೊಟ್ಟರೆ ನಿಮ್ಮ ಪ್ರತಿಯ ಮೇಲೆ ಸೀಲು, ದಿನಾಂಕ ಹಾಕಿಸಿಕೊಂಡೇ ಹೊರಗೆ ಬನ್ನಿ. ಅಂಚೆಯಾದರೆ ರಶೀದಿ ಇಟ್ಟುಕೊಳ್ಳಿ. ಪರಿವಾಹನ್‌ನ ಇ-ಚಲನ್ ತಾಣದಲ್ಲೂ ದೂರು ದಾಖಲಿಸುವ ಭಾಗ ಇದೆ. ಚಲನ್ ಸಂಖ್ಯೆ ಹಾಕಿ, ಫೋಟೋ ಸೇರಿಸಿ ಕಳಿಸಿ. ಸಿಗುವ ದೂರಿನ ಸಂಖ್ಯೆಯ ಸ್ಕ್ರೀನ್‌ಶಾಟ್ ತೆಗೆದಿಡಿ. ಎರಡೂ ದಾರಿಯಲ್ಲಿ ಒಟ್ಟಿಗೆ ಹೋಗುವುದರಲ್ಲಿ ತಪ್ಪಿಲ್ಲ.

ಪ್ರಕರಣ ವರ್ಚುವಲ್ ಕೋರ್ಟಿಗೆ ಹೋದರೆ

ಕಟ್ಟದ ಚಲನ್ ವರ್ಚುವಲ್ ಕೋರ್ಟಿಗೆ ಹೋಗುತ್ತದೆ. ಕೋರ್ಟ್ ಎಂಬ ಹೆಸರು ಕೇಳಿ ಹೆದರಿ ಹಣ ಕಟ್ಟುವವರು ಇಲ್ಲಿಯೇ ಜಾಸ್ತಿ. ಅಲ್ಲಿ ಹೋಗಿ ನಿಲ್ಲಬೇಕಾದ್ದಿಲ್ಲ, ಅದೊಂದು ಆನ್‌ಲೈನ್ ತಾಣ. ಕೇರಳದ ಪೊಲೀಸ್ ಇಲಾಖೆ, ಸಾರಿಗೆ ಇಲಾಖೆ ಬೇರೆ ಬೇರೆಯಾಗಿ ಕಾಣುತ್ತವೆ, ನಿಮ್ಮದು ಆರಿಸಿಕೊಳ್ಳಿ. ಚಲನ್ ಅಥವಾ ವಾಹನದ ಸಂಖ್ಯೆ ಹಾಕಿದರೆ ಪ್ರಕರಣ ತೆರೆಯುತ್ತದೆ, ಮೊಬೈಲಿಗೆ ಒಟಿಪಿ ಬರುತ್ತದೆ. ಆಮೇಲೆ ಎರಡು ಆಯ್ಕೆ: ಸೂಚಿಸಿದ ದಂಡ ಕಟ್ಟುತ್ತೇನೆ, ಇಲ್ಲವೇ ಪ್ರಕರಣ ಎದುರಿಸುತ್ತೇನೆ. ಎರಡನೆಯದನ್ನು ಒತ್ತಿದರೆ ಅದು ಆ ಪ್ರದೇಶದ ಸಾಮಾನ್ಯ ನ್ಯಾಯಾಲಯಕ್ಕೆ ವರ್ಗವಾಗುತ್ತದೆ. ಕಾಸರಗೋಡಿನವರಿಗೆ ಅದು ವಿದ್ಯಾನಗರದ ಕೋರ್ಟ್ ಆವರಣ.

ಅಲ್ಲಿ ಸಮನ್ಸ್ ಬಂದ ದಿನ ತಪ್ಪದೆ ಹೋಗಿ, ಅಥವಾ ವಕೀಲರನ್ನು ಕಳಿಸಿ. ಮೋಟಾರು ವಾಹನ ಕಾಯ್ದೆಯ 208ನೇ ಸೆಕ್ಷನ್ ಪ್ರಕಾರ ಇಂಥ ಪ್ರಕರಣದಲ್ಲಿ ವಕೀಲರ ಮೂಲಕ ಹಾಜರಾಗಬಹುದು. ಕಾಸರಗೋಡಿನಲ್ಲಿ ಕನ್ನಡ ಬಲ್ಲ ವಕೀಲರಿಗೆ ಬರ ಇಲ್ಲ. ಮಹಿಳೆಯರು, ಪರಿಶಿಷ್ಟ ಜಾತಿ, ಪಂಗಡದವರು, ಅಂಗವಿಕಲರು, ಆದಾಯ ಕಡಿಮೆ ಇರುವವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಉಚಿತ ನೆರವು ಕೇಳಬಹುದು. ತಪ್ಪು ನಡೆದಿದೆ ಎಂದು ತೋರಿಸುವ ಹೊಣೆ ಫೈನ್ ಹಾಕಿದವರದ್ದು. ಆದರೂ ನಿಮ್ಮ ಕಡತ ತುಂಬಿಕೊಂಡೇ ಹೋಗಿ. ಸಿಸಿಟಿವಿ ದೃಶ್ಯವನ್ನು ಸಾಕ್ಷಿಯಾಗಿ ಕೊಡುವುದಾದರೆ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನಿನ ಪ್ರಮಾಣಪತ್ರ ಬೇಕು. ವಕೀಲರು ಮಾಡಿಸಿಕೊಡುತ್ತಾರೆ.

ವಕೀಲರ ಶುಲ್ಕ ಫೈನಿಗಿಂತ ಹೆಚ್ಚಾಗುತ್ತದೆ, ಇದನ್ನು ಮೊದಲೇ ಲೆಕ್ಕ ಹಾಕಿ. ಒಂದೇ ಚಲನಾದರೆ ಇಲಾಖೆಯ ಹಂತದಲ್ಲಿ ಗಟ್ಟಿಯಾಗಿ ಪ್ರಯತ್ನಿಸಿ, ಆಗದಿದ್ದರೆ ಕೋರ್ಟಿಗೆ ಹೋಗಬೇಕೇ ಎಂದು ಯೋಚಿಸಿ. ಒಂದೇ ರಸ್ತೆಯ ನಾಲ್ಕಾರು ಅಂಗಡಿಗೆ ಇದೇ ಸಮಸ್ಯೆ ಇದ್ದರೆ ಒಟ್ಟು ಸೇರಿ ಒಬ್ಬ ವಕೀಲರನ್ನು ಹಿಡಿಯಿರಿ, ಖರ್ಚು ಹಂಚಿಹೋಗುತ್ತದೆ. ಸುಮ್ಮನಿರುವುದು ಮಾತ್ರ ದಾರಿಯಲ್ಲ. ಬಾಕಿ ಚಲನ್ ವಾಹನದ ದಾಖಲೆಯಲ್ಲಿ ಕಾಣುತ್ತದೆ. ಸರಕು ವಾಹನದ ಫಿಟ್‌ನೆಸ್ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿವರ್ಷ ಮಾಡಿಸಬೇಕಲ್ವಾ? ಆ ಹೊತ್ತಿಗೆ ಇದು ಅಡ್ಡ ಬರುತ್ತದೆ.

ಅಧಿಕಾರಿ ಎದುರಿಗೇ ಇದ್ದರೆ

ಜಗಳ ಬೇಡ. 'ಸಾರ್, ಲೋಡು ಇಳಿಯುತ್ತಿದೆ, ಬಿಲ್ ಇಲ್ಲಿದೆ' ಎಂದು ತೋರಿಸಿ. ಕೇಳದಿದ್ದರೆ 'ನನಗೆ ಆಕ್ಷೇಪ ಇದೆ, ಈಗ ಹಣ ಕಟ್ಟುವುದಿಲ್ಲ, ಚಲನ್ ಕೊಡಿ' ಎಂದು ಹೇಳಿ. ತೆರೆದ ಹಿಂಬಾಗಿಲು, ಅರ್ಧ ಇಳಿದ ಗೋಣಿ, ಪಕ್ಕದ ಬೋರ್ಡು ಒಂದೇ ಚೌಕಟ್ಟಿನಲ್ಲಿ ಬರುವ ಹಾಗೆ ಆಗಲೇ ವೀಡಿಯೋ ಮಾಡಿಕೊಳ್ಳಿ. ಚಕ್ರಕ್ಕೆ ಬೀಗ ಹಾಕಿದ್ದರೆ, ವಾಹನ ಎಳೆದೊಯ್ಯಲು ಬಂದಿದ್ದರೆ, ಮೊದಲು ಅದು ನಿಂತ ಸ್ಥಿತಿಯ ಫೋಟೋ ಆಗಬೇಕು. ಎಳೆದ ಖರ್ಚಿಗೆ ಬೇರೆ ರಶೀದಿ ಕೇಳಿ.

ಚಲನ್ ರದ್ದಾಯಿತು ಎಂದು ಬಾಯಿಮಾತಿನಲ್ಲಿ ಹೇಳಿದರೆ ನಂಬಿ ಬಿಡಬೇಡಿ. ಕೆಲವು ದಿನ ಬಿಟ್ಟು ತಾಣದಲ್ಲಿ ವಾಹನದ ಸಂಖ್ಯೆ ಹಾಕಿ, ಬಾಕಿ ಪಟ್ಟಿಯಿಂದ ಅದು ಹೋಗಿದೆಯೇ ನೋಡಿ ಪ್ರಿಂಟ್ ತೆಗೆದಿಡಿ. ಅದರ ಜೊತೆಗೇ ನಗರಸಭೆಗೆ ಇನ್ನೊಂದು ಅರ್ಜಿ ಕೊಡಿ: ಲೋಡಿಂಗ್ ಜಾಗದ ಗೆರೆಗೆ ಹೊಸ ಬಣ್ಣ ಹಾಕಬೇಕು, ಬೋರ್ಡಿನಲ್ಲಿ ಸಮಯವನ್ನು ಮಲಯಾಳದ ಜೊತೆ ಕನ್ನಡದಲ್ಲೂ ಬರೆಯಬೇಕು, ವಿಷಯವನ್ನು ಮುಂದಿನ ಟ್ರಾಫಿಕ್ ಕಮಿಟಿ ಸಭೆಯಲ್ಲಿ ಇಡಬೇಕು ಎಂದು. ರಸ್ತೆಯ ಎಲ್ಲ ಅಂಗಡಿಯವರ ಸಹಿ ಅದರಲ್ಲಿ ಇರಲಿ.